ಕೊರಳಲ್ಲಿ ಪೆನ್ ಡ್ರೈವ್ ನೇತುಹಾಕಿಕೊಂಡ ಮಾಸ್ತರ

ಕಳೆದ ವಾರ ಶಹಾಪುರ ಬಸ್ ನಿಲ್ದಾಣದ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಗಾಜಿನ ಮೇಜಿನ ಮೇಲೆ ಕೆಂಪು ಲಾಡಿ ಕಟ್ಟಿದ ಪೆನ್ ಡ್ರೈವ್ ಬಿದ್ದಿತ್ತು. ಅದರ ಮೂತಿಗೆ ಅಡಿಕೆ ಪುಡಿ ಮೆತ್ತಿತ್ತು. ಅಂಗಡಿಯವನು ಅದನ್ನು ಅಂಗಿಗೆ ಒರೆಸಿ ಕಂಪ್ಯೂಟರಿಗೆ ಚುಚ್ಚಿದ. ನನಗೆ ಮೈ ಉರಿಯಿತು. ಪಾಪ, ಅಂಗಡಿಯವನ ತಪ್ಪೇನೂ ಇರಲಿಲ್ಲ... ನೆನಪಾದವನು ಬೇರೆಯವನು.

ನಾನು ಮುಖ್ಯಗುರುವಾಗಿದ್ದ ಪ್ರೌಢಶಾಲೆ ಸುರಪುರದ ರಸ್ತೆಯ ಒಂದು ಹಳ್ಳಿಯಲ್ಲಿತ್ತು. ಅಲ್ಲಿಗೆ ಗುತ್ತಿಗೆಯ ಮೇಲೆ ಬಂದವನನ್ನು ಎಲ್ಲರೂ ಕಂಪ್ಯೂಟರ್ ಮಾಸ್ತರ ಎನ್ನುತ್ತಿದ್ದರು. ಮಾಸ್ತರ ಎಂಬ ಶಬ್ದಕ್ಕೆ ಅದಕ್ಕಿಂತ ದೊಡ್ಡ ಅಪಮಾನವನ್ನು ನನ್ನ ಇಡೀ ನೌಕರಿಯಲ್ಲಿ ನಾನು ಕಾಣಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಬರುತ್ತಿದ್ದ. ಅಂಗಿಯ ಮೇಲಿನ ಗುಂಡಿ ಹಾಕುತ್ತಿರಲಿಲ್ಲ. ಕೊರಳ ಪೆನ್ ಡ್ರೈವ್ ಊರಿಗೆಲ್ಲ ಕಾಣಬೇಕಲ್ಲ. ಗುಂಡಿ ಹಾಕು ಎಂದರೆ, "ಅದಕ್ಕೂ ಗಾಳಿ ಬೇಕಲ್ರಿ ಸರ್," ಎಂದು ಹಲ್ಲು ಕಿಸಿಯುತ್ತಿದ್ದ. ಆ ಹಲ್ಲುಗಳ ಬಣ್ಣ ಇಲ್ಲಿ ಬರೆಯುವಂಥದ್ದಲ್ಲ.

ಹುಡುಗರು ಪಾಠದ ಹೊತ್ತಿನಲ್ಲಿ ಸಿನಿಮಾ ಹಾಡು ನೋಡುತ್ತಾರೆ, ಬಂದ್ ಮಾಡು ಎಂದು ನಾನೇ ಅವನಿಗೆ ಹೇಳಿದ್ದೆ. ಅವನು ಪೆನ್ ಡ್ರೈವ್ ಚುಚ್ಚಿದ. ಅದರಲ್ಲಿ ಚಿಕ್ಕದೊಂದು ಸಾಫ್ಟ್‌ವೇರ್ ಇತ್ತು. ಕಂಪ್ಯೂಟರಿನಲ್ಲಿ ಅದನ್ನು ಹಾಕಬೇಕಿರಲಿಲ್ಲ, ಪೆನ್ ಡ್ರೈವಿನಿಂದಲೇ ನಡೆಯುತ್ತಿತ್ತು. ಪ್ರತಿ ಕಂಪ್ಯೂಟರಿನಲ್ಲೂ 'ಹೋಸ್ಟ್ಸ್' ಎಂಬ ಸಣ್ಣ ಕಡತ ಇರುತ್ತದೆ. ಯಾವುದೇ ಜಾಲತಾಣದ ಹೆಸರು ಹೊಡೆದರೂ ಯಂತ್ರ ಮೊದಲು ಅದನ್ನೇ ನೋಡುತ್ತದೆ. ಅಲ್ಲಿ ಆ ಹೆಸರಿನ ಮುಂದೆ ಒಂದು ಸಂಖ್ಯೆ ಬರೆದಿದ್ದರೆ ಆ ವಿಳಾಸಕ್ಕೇ ಹೋಗುತ್ತದೆ, ಹೊರಗೆ ಯಾರನ್ನೂ ಕೇಳುವುದಿಲ್ಲ. ಸುಳ್ಳು ಸಂಖ್ಯೆ ಬರೆದರೆ ತಾಣ ತೆರೆಯುವುದಿಲ್ಲ. ಅವನ ಸಾಫ್ಟ್‌ವೇರಿನಲ್ಲಿ ಒಂದು ಸಾಲಿಗೆ ಗುರುತು ಹಾಕಿದರೆ ಅದು ಜಾರಿ, ಗುರುತು ತೆಗೆದರೆ ರದ್ದು. ಇಡೀ ಕಡತವನ್ನು ಮೊದಲಿದ್ದಂತೆ ಮಾಡುವ ಗುಂಡಿಯೂ ಇತ್ತು. ಸಾಧನ ಒಳ್ಳೆಯದೇ. ದರಿದ್ರವಾಗಿದ್ದದ್ದು ಅದನ್ನು ಹಿಡಿದ ಕೈ.

"ನನಗೂ ಗುಮಾಸ್ತನಿಗೂ ಇದನ್ನ ತೋರಿಸಿಕೊಡು," ಎಂದೆ.

"ನಿಮಗ್ಯಾಕ್ರಿ ಸರ್ ಈ ತ್ರಾಸು? ನಾ ಅದೀನಲ್ಲ."

ಇನ್ನೊಬ್ಬನಿಗೆ ಗೊತ್ತಾದರೆ ತನ್ನನ್ನು ಕರೆಯುವವರು ಯಾರು ಎಂಬುದೇ ಅವನ ಚಿಂತೆ. ಶಾಲೆಯಲ್ಲಿ ಹಾಕಿದ ಸಾಲುಗಳನ್ನೇ ಊರ ಫೋಟೊ ಸ್ಟುಡಿಯೊದಲ್ಲಿ ಹಾಕುತ್ತಿದ್ದ, ಸೊಸೈಟಿಯ ಕಚೇರಿಯಲ್ಲೂ ಹಾಕುತ್ತಿದ್ದ. ಯಾವ ಸಾಲು ಯಾಕಿದೆ ಎಂದು ಒಮ್ಮೆಯೂ ನೋಡಿದವನಲ್ಲ. ಚುಚ್ಚುವುದು, ಒತ್ತುವುದು, ಕಿತ್ತುಕೊಳ್ಳುವುದು. "ಮುಗೀತ್ರಿ," ಎನ್ನುವುದು.

ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಫಲಿತಾಂಶದ ದಿನ ಪರೀಕ್ಷಾ ಮಂಡಳಿಯ ತಾಣ ನಿಧಾನವಾಗಿತ್ತು. ಅವನು ಎಲ್ಲಿಂದಲೋ ಅದರ ಸಂಖ್ಯೆ ಹುಡುಕಿ ಎಲ್ಲ ಕಡೆ ಕಡತಕ್ಕೆ ಸೇರಿಸಿದ. "ಈಗ ದಾರಿ ಕೇಳೋದೇ ಇಲ್ರಿ ಸರ್, ಸೀದಾ ಮನಿಗೇ ಹೋಗ್ತದ," ಎಂದು ಬೀಗಿದ. ಮನೆಯವರು ಮನೆ ಬದಲಿಸಬಹುದು ಎಂಬುದು ಆ ತಲೆಗೆ ಹೊಳೆಯಲಿಲ್ಲ... ಹೊಳೆಯಲು ಅಲ್ಲೇನಾದರೂ ಇರಬೇಕಲ್ಲ.

ಅದೇ ವರ್ಷ ದೇವಾಪುರದಿಂದ ಒಬ್ಬ ಹುಡುಗಿ ತಡವಾಗಿ ನಮ್ಮ ಹತ್ತನೆಯ ತರಗತಿಗೆ ಸೇರಿದ್ದಳು. ತಾಯಿ ಹತ್ತಿ ಬಿಡಿಸಲು ನಮ್ಮ ಊರಿಗೆ ಬಂದಿದ್ದಳು. ಉಳಿದ ಮಕ್ಕಳ ಹೆಸರುಗಳನ್ನು ಮಂಡಳಿಯ ತಾಣದಲ್ಲಿ ಆಗಲೇ ಪರೀಕ್ಷೆಗೆ ಸೇರಿಸಿ ಆಗಿತ್ತು. ಈ ಹುಡುಗಿಯ ವರ್ಗಾವಣೆ ಪತ್ರ ಹಳೆಯ ಶಾಲೆಯಿಂದ ಬಂದದ್ದು ಕೊನೆಯ ದಿನದ ಹಿಂದಿನ ಸಂಜೆ. ಮರುದಿನ ಸೇರಿಸದಿದ್ದರೆ ಆ ವರ್ಷ ಪರೀಕ್ಷೆ ಇಲ್ಲ.

ಬೆಳಿಗ್ಗೆ ಮಂಡಳಿಯ ತಾಣ ತೆರೆಯಲಿಲ್ಲ.

"ಸರ್ವರ್ ಬಿದ್ದದ್ರಿ ಸರ್. ಇಡೀ ಕರ್ನಾಟಕದಾಗ ಬಿದ್ದದ."

"ಇಡೀ ಕರ್ನಾಟಕ ನೋಡಿ ಬಂದಿಯೇನು?"

"ಸ್ಟುಡಿಯೊದಾಗೂ ಬರವಲ್ದಂತ್ರಿ. ಸೊಸೈಟಿಯಾಗೂ ಬರವಲ್ದು. ಇನ್ನೇನ ಬೇಕ್ರಿ?"

ಮೂರೂ ಕಡೆ ಅದೇ ಪೆನ್ ಡ್ರೈವ್ ಆಡಿತ್ತು. ತಾನೇ ಕೆಡಿಸಿದ ಮೂರು ಯಂತ್ರಗಳನ್ನು ಮೂರು ಸಾಕ್ಷಿಗಳಂತೆ ತಂದು ನಿಲ್ಲಿಸಿದ. ನಮ್ಮ ಕೈಯಲ್ಲಿ ಆಗ ಇದ್ದದ್ದು ಗುಂಡಿ ಒತ್ತುವ ಮೊಬೈಲು, ಅದರಲ್ಲಿ ತಾಣ ತೆರೆದು ನೋಡುವಂತಿರಲಿಲ್ಲ. ಹುಡುಗಿ ವರಾಂಡದಲ್ಲಿ ಕುಳಿತು, ಬಾಗಿಲು ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. "ಬಂತೇನ್ರಿ ಸರ್?" ಎನ್ನುತ್ತಿದ್ದಳು. ಅವನು ಒಳಗೆ ಅಡಿಕೆ ಕತ್ತರಿಸುತ್ತಿದ್ದ.

ಊಟದ ಗಂಟೆ ಹೊಡೆದ ಮೇಲೆ ನಾನು ಹುಡುಗಿಯನ್ನೂ ಅವಳ ತಾಯಿಯನ್ನೂ ಕರೆದುಕೊಂಡು ಯಾದಗಿರಿಯ ಬಸ್ಸು ಹತ್ತಿದೆ. ಶಹಾಪುರದಲ್ಲಿ ಬಸ್ಸು ಬದಲಿಸಬೇಕಾಯಿತು. ತಾಯಿಯ ಸೀರೆಗೆ ಅಲ್ಲಲ್ಲಿ ಹತ್ತಿಯ ಎಳೆ ಅಂಟಿತ್ತು. ದಾರಿಯುದ್ದಕ್ಕೂ ಒಂದೊಂದಾಗಿ ಕೀಳುತ್ತಿದ್ದಳು. ಯಾದಗಿರಿಯ ಇಂಟರ್ನೆಟ್ ಅಂಗಡಿಯಲ್ಲಿ ತಾಣ ಒಮ್ಮೆಲೇ ತೆರೆಯಿತು. ಹೆಸರು ಸೇರಿಸುವ ಸಮಯ ಮುಗಿದಿದೆ ಎಂದು ತೋರಿಸಿತು.

"ಈಗ ಚಾಲೂ ಆತೇನ್ರಿ ಸರ್ವರ್?" ಎಂದು ತಾಯಿ ಕೇಳಿದಳು.

"ಬಂದ್ ಯಾವಾಗ ಇತ್ತಬೇ? ಮುಂಜಾನಿಂದ ಛಲೋ ಓಡಾಕತ್ತದ," ಎಂದ ಅಂಗಡಿಯವನು.

ಮುಂದೆ ಮಂಡಳಿಗೆ ಮನವಿ ಕೊಟ್ಟೆ, ಓಡಾಡಿದೆ. ಆಗಲಿಲ್ಲ... ಆ ಮಾತು ಬೇಡ.

ಮರುದಿನ ಅವನನ್ನು ಯಂತ್ರದ ಮುಂದೆ ಕೂರಿಸಿ, "ಆ ಕಡತ ನನ್ನ ಮುಂದ ತೆಗಿ," ಎಂದೆ. ಚುಚ್ಚಿದ. ಮಂಡಳಿಯ ಸಾಲಿನ ಮುಂದೆ ಅವನು ಬೇಸಿಗೆಯಲ್ಲಿ ಹಾಕಿದ ಗುರುತು ಹಾಗೇ ಇತ್ತು. ಮಂಡಳಿ ಈಚೆಗೆ ತನ್ನ ತಾಣವನ್ನು ಬೇರೆ ಸಂಖ್ಯೆಗೆ ಸಾಗಿಸಿತ್ತು. ನಮ್ಮ ಯಂತ್ರಗಳು ಮಾತ್ರ ಖಾಲಿ ಮನೆಯ ಬಾಗಿಲು ಬಡಿಯುತ್ತ ಕುಳಿತಿದ್ದವು. ಗುರುತು ತೆಗೆದ. ತಾಣ ತೆರೆಯಿತು. ಆ ಮನುಷ್ಯ ತಲೆ ತಗ್ಗಿಸಲಿಲ್ಲ. ನನ್ನ ಕಡೆ ತಿರುಗಿ, ಮುಖ ಅರಳಿಸಿಕೊಂಡು, "ನೋಡ್ರಿ ಸರ್, ಹೆಂಗ ರಿಪೇರಿ ಮಾಡಿದೆ!" ಎಂದ.

ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

ಅವನು ಎರಡು ವರ್ಷದ ಹಿಂದೆ ತೀರಿಕೊಂಡ. ಸುದ್ದಿ ತಿಳಿದ ದಿನ ನಾನು ಎಂದಿನಂತೆ ಸಂಜೆ ತಿರುಗಾಡಲು ಹೋದೆ. ಹುಡುಗಿ ಈಗ ಶಹಾಪುರದ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ಝೆರಾಕ್ಸ್ ಅಂಗಡಿಯಿಂದ ನಾನು ಹೋದದ್ದು ಅಲ್ಲಿಗೇ, ರಕ್ತದೊತ್ತಡ ತೋರಿಸಲು. ಪಟ್ಟಿ ಬಿಗಿಯುತ್ತ ಅವಳು, "ಕಂಪ್ಯೂಟರ್ ಸರ್ ಮಣ್ಣಿಗೆ ನಾ ಹೋಗಿದ್ದೆ ರೀ," ಎಂದಳು.

"ನೀ ಯಾಕ ಹೋದಿ?"

"ಆ ವರ್ಷ ಮನ್ಯಾಗ ಕುಂತಾಗ ಟೈಪಿಂಗ್ ಕಲಿಸಿದ್ರಲ್ರಿ."

"ಕುಂದರಿಸಿದವನೂ ಅವನ."

"ಅಯ್ಯ, ಮಾತಾಡಬ್ಯಾಡ್ರಿ ಸರ್, ಬಿ.ಪಿ. ಏರಾಕತ್ತದ," ಎಂದು ನಕ್ಕಳು. "ನಾನ ಬಿಟ್ಟೀನಿ. ನೀವ್ಯಾಕ ಇಟ್ಟುಕೊಂಡು ಕುಂತೀರಿ?"

ಕ್ಷಮಿಸುವುದು ಅವಳ ಹಕ್ಕು, ಕ್ಷಮಿಸಿದ್ದಾಳೆ. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ನರ್ಸು ಬಂದು ನಿಂತಳು. ಇವಳ ಜೊತೆ ಒಂದೇ ಬೆಂಚಿನಲ್ಲಿ ಕುಳಿತಿದ್ದವಳು; ಆ ವರ್ಷವೇ ಪರೀಕ್ಷೆ ಬರೆದು ಮುಂದೆ ಹೋದವಳು. ನನಗೆ ಕೈ ಮುಗಿದು, ಇವಳ ಕಡೆ ತಿರುಗಿ, "ಲಗೂ ಮುಗಿಸು. ಮೂರನೇ ಬೆಡ್ಡಿನ ಚಾದರ ಬದಲಿ ಮಾಡು," ಎಂದು ಹೋದಳು.

"ಹ್ಞೂಂ ರೀ ಸಿಸ್ಟರ್," ಎಂದು ಇವಳು ನನ್ನ ತೋಳಿನ ಪಟ್ಟಿ ಬಿಚ್ಚತೊಡಗಿದಳು.