ಮಾವನವರ ಕಾರಿನ ನಾಲ್ಕು ಪ್ಲಗ್ಗುಗಳು

ಇವತ್ತು ಬೆಳಿಗ್ಗೆ ಕೋಲಾರದ ಒಂದು ಗ್ಯಾರೇಜಿನಲ್ಲಿ ಕೂತಿದ್ದೆ. ನಮ್ಮ ಕಾರು ಒಂದು ವಾರದಿಂದ ಕೆಮ್ಮುತ್ತಿತ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ, ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿ, "ಪ್ಲಗ್ಗು ಕಚ್ಕೊಂಬಿಟ್ಟಿದೆ ಮೇಡಂ. ಎಣ್ಣೆ ಬಿಟ್ಟಿದ್ದೀನಿ, ನೆನೀಲಿ. ಕೂತಿರಿ" ಎಂದ. ಆ ಎಣ್ಣೆಯ ವಾಸನೆ ನನ್ನ ಪ್ಲಾಸ್ಟಿಕ್ ಕುರ್ಚಿಯವರೆಗೂ ಬಂತು. ಸೀಮೆಎಣ್ಣೆಯದಲ್ಲ, ಅದರ ದೂರದ ನೆಂಟನಂಥ ವಾಸನೆ. ಗ್ಯಾರೇಜಿನಲ್ಲಿ ಕಾಯುವವರು ಸಾಮಾನ್ಯವಾಗಿ ಮೊಬೈಲು ನೋಡುತ್ತಾರೆ. ನಾನು ಮಾತ್ರ ಮುಳಬಾಗಿಲಿನ ನಮ್ಮ ಹಳೆಯ ಮನೆಯ ಹಿತ್ತಲಿಗೆ ಹೋಗಿಬಿಟ್ಟೆ. ನೀವೂ ಬನ್ನಿ, ಕಾರು ಸಿದ್ಧವಾಗಲು ಹೇಗೂ ಹೊತ್ತಿದೆ.

ನಾನು ಹುಟ್ಟಿ ಬೆಳೆದದ್ದು ಟೇಕಲ್‌ನಲ್ಲಿ. ಅಜ್ಜಿ, ಚಿಕ್ಕಪ್ಪಂದಿರು, ಅವರ ಮಕ್ಕಳು ಎಲ್ಲ ಸೇರಿದ ಮನೆ. ರೈಲು ಹೋಗುವಾಗ ಊರಿನವರೆಲ್ಲ ಮಾತು ನಿಲ್ಲಿಸಿದರೆ ನಮ್ಮವರು ದನಿ ಏರಿಸುತ್ತಿದ್ದರು. ಅಲ್ಲಿಂದ ಮದುವೆಯಾಗಿ ಮುಳಬಾಗಿಲಿಗೆ ಬಂದರೆ ಮನೆಯಲ್ಲಿ ಇದ್ದವರು ಇಬ್ಬರೇ, ನನ್ನ ಗಂಡ ಮತ್ತು ಮಾವ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಗಂಡ ಬೆಳಿಗ್ಗೆ ಕೋಲಾರದ ಬಸ್ಸು ಹತ್ತಿದರೆ ಮನೆಗೆ ಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ. ಮಾವ ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಕಾಫಿ ಕೊಟ್ಟರೆ "ಹೂಂ", ಊಟಕ್ಕೆ ಕರೆದರೆ "ಹೂಂ", ಸಾರು ಹೇಗಿದೆ ಎಂದು ಕೇಳಿದರೂ "ಹೂಂ". ಯಾವ ಹೂಂ ಮೆಚ್ಚುಗೆಯದು, ಯಾವುದು ಉಪ್ಪು ಹೆಚ್ಚಾಯಿತು ಎಂಬುದರದು ಎಂದು ಕಂಡುಹಿಡಿಯಲು ನಾನು ಪಟ್ಟ ಶ್ರಮವನ್ನು ಓದಿನಲ್ಲಿ ಪಟ್ಟಿದ್ದರೆ ಏನಾದರೂ ಆಗಿರುತ್ತಿದ್ದೆ.

ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಒಂದು ಹಳೆಯ ಕಾರಿತ್ತು. ಅತ್ತೆ ಇದ್ದಾಗ ಗಂಡ ಹೆಂಡತಿ ಇಬ್ಬರೂ ಅದರಲ್ಲಿ ಊರೂರು ತಿರುಗುತ್ತಿದ್ದರಂತೆ. ಅತ್ತೆಯನ್ನು ಕೊನೆಯ ಸಲ ಆಸ್ಪತ್ರೆಗೆ ಕರೆದೊಯ್ದದ್ದೂ ಅದರಲ್ಲೇ. ಅಲ್ಲಿಂದ ಒಬ್ಬರೇ ವಾಪಸು ಬಂದು ಕಾರು ನಿಲ್ಲಿಸಿದ ಮಾವ ಮತ್ತೆ ಅದನ್ನು ಮುಟ್ಟಿರಲಿಲ್ಲ. ಪಕ್ಕದ ಮನೆಯ ಬೆಕ್ಕೊಂದು ಬಾನೆಟ್ಟಿನ ಮೇಲೆ ಸಂಸಾರ ಹೂಡಿತ್ತು.

ಒಂದು ಮಧ್ಯಾಹ್ನ ತಡೆಯಲಾರದೆ ಕೇಳಿಬಿಟ್ಟೆ. "ಮಾವ, ಆ ಕಾರು ಇನ್ನು ಓಡೋದೇ ಇಲ್ವಾ?"

ಅವರು ಪೇಪರು ಮಡಿಸಿ ನನ್ನನ್ನೇ ಒಂದು ಗಳಿಗೆ ನೋಡಿದರು. "ಪ್ಲಗ್ಗು ಕಚ್ಕೊಂಡಿರುತ್ತೆ ಕಣಮ್ಮ" ಎಂದರು. ಅವರು ನನಗೆ ಹೇಳಿದ ಮೊದಲ ಪೂರ್ತಿ ವಾಕ್ಯ ಅದು. ಮಾರನೆಯ ದಿನ ಊಟವಾದ ಮೇಲೆ, ಹಳೆಯ ಪಂಚೆಯನ್ನು ಎತ್ತಿ ಕಟ್ಟಿ, ಸೀಮೆಎಣ್ಣೆ ಡಬ್ಬಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಬರ್ತೀಯೇನಮ್ಮ? ಯಾರಾದ್ರೂ ಟಾರ್ಚು ಹಿಡೀಬೇಕು."

ಇಂಜಿನ್ನಿನ ತಲೆಯಲ್ಲಿ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ನಾಲ್ಕು ಪ್ಲಗ್ಗುಗಳು ತುಕ್ಕು ಹಿಡಿದು ಕೂತಿದ್ದವು. ಮೊದಲು ಅವುಗಳ ಬುಡದ ಮಣ್ಣನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆದಕಿ ತೆಗೆಯಬೇಕು. ಇಲ್ಲದಿದ್ದರೆ ಪ್ಲಗ್ಗು ಬಂದ ಕೂಡಲೇ ಅದೆಲ್ಲ ಒಳಗೆ ಬೀಳುತ್ತದೆ. ಆಮೇಲೆ ಬುಡಕ್ಕೆ ಸೀಮೆಎಣ್ಣೆ ಬಿಟ್ಟು ಕಾಯಬೇಕು. ಕೊಳವೆಯಂಥ ಸ್ಪ್ಯಾನರ್ ಇಟ್ಟು ಕೂದಲೆಳೆಯಷ್ಟು ಬಿಚ್ಚಿದರೆ, ಮತ್ತೆ ಅಷ್ಟೇ ಬಿಗಿ ಮಾಡಿ, ಮತ್ತೆ ಎಣ್ಣೆ ಬಿಡಬೇಕು. ಹಾರ್ಲಿಕ್ಸ್ ಬಾಟಲಿಯ ಮುಚ್ಚಳವನ್ನೂ ನೆಲಕ್ಕೆ ಕುಟ್ಟಿ ತೆಗೆಯುವ ಮನೆಯಿಂದ ಬಂದವಳು ನಾನು. ಇದನ್ನೆಲ್ಲ ನಾನು ಎಲ್ಲಿ ಸಹಿಸುತ್ತೇನೆ?

"ಇನ್ನೂ ಸ್ವಲ್ಪ ಜೋರು ಮಾಡಿದ್ರೆ ಬರುತ್ತೇನೋ ಮಾವ."

"ಬರುತ್ತೆ. ಅರ್ಧ ಬರುತ್ತೆ, ಅರ್ಧ ಅಲ್ಲೇ ಉಳಿಯುತ್ತೆ. ಆಮೇಲೆ ತಲೇನೇ ಬಿಚ್ಚಬೇಕು."

"ಯಾರ ತಲೆ?"

ಮಾವ ಸ್ಪ್ಯಾನರ್ ಕೆಳಗಿಟ್ಟು ನಕ್ಕರು. ಅವರಿಗೆ ಒಂದು ಸೊಟ್ಟ ಹಲ್ಲಿದೆ ಎಂದು ಗೊತ್ತಾದದ್ದು ಆವಾಗಲೇ.

ಎಣ್ಣೆ ನೆನೆಯುವವರೆಗೆ ಶೆಡ್ಡಿನ ನೆರಳಿನಲ್ಲಿ ಕೂರುತ್ತಿದ್ದೆವು. ಸುಮ್ಮನೆ ಎಷ್ಟು ಹೊತ್ತು ಕೂರುವುದು? ಅವರು ಟೇಕಲ್ ಬಗ್ಗೆ ಕೇಳಿದರು. ನಮ್ಮ ದೊಡ್ಡ ಚಿಕ್ಕಪ್ಪ ಮಾಲೂರಿಗೆ ಸೌತೆಕಾಯಿ ತೆಗೆದುಕೊಂಡು ಹೊರಟು, ಗೊರಕೆ ಹೊಡೆಯುತ್ತಾ ಬೆಂಗಳೂರಿನವರೆಗೂ ರೈಲಿನಲ್ಲೇ ಹೋಗಿಬಿಟ್ಟ ಕಥೆ ಹೇಳಿದೆ. ಮರುದಿನ ಬಂದು ಕೂತವರೇ, "ಆಮೇಲೆ ಆ ಸೌತೆಕಾಯಿ ಏನ್ ಮಾಡಿದ್ರಮ್ಮ?" ಎಂದರು. ಹದಿನೈದು ದಿನವೂ ಮಧ್ಯಾಹ್ನ ಹೀಗೇ. ಪಾತ್ರೆ ತೊಳೆದು ನಾನೇ ಟಾರ್ಚು ಹುಡುಕಿಕೊಂಡು ಹೋಗುವಂತಾಯಿತು.

ನಮ್ಮ ಮುಳಬಾಗಿಲಿನ ಮನೆಯಲ್ಲಿ ವ್ಯವಹಾರಕ್ಕೆಲ್ಲ ಕನ್ನಡ, ಸಿಟ್ಟು ಮತ್ತು ಮುದ್ದು ಉಕ್ಕಿದಾಗ ತೆಲುಗು. ಮೊದಲನೆಯ ಪ್ಲಗ್ಗು ಕಿರ್ರೆಂದು ಅಲುಗಿದಾಗ ಮಾವ ಬಗ್ಗಿ, ಬಾ ತಾಯಿ, ಮೆಲ್ಲಗೆ ಬಾ ಎಂದು ಅದನ್ನು ತೆಲುಗಿನಲ್ಲಿ ರಮಿಸಿದರು. "ರಾ ತಲ್ಲಿ, ರಾ, ಮೆಲ್ಲಗಾ ರಾ." ಅದು ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಸ್ಪ್ಯಾನರ್ ಹಾಕುವಾಗ ಅವರ ಕೈ ವಾಲಿ, ಪ್ಲಗ್ಗಿನ ಮೇಲ್ತುದಿಯ ಬಿಳಿ ಪಿಂಗಾಣಿ ಟಪ್ಪೆಂದು ಮುರಿಯಿತು.

ಮಾವ ಮುರಿದ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ನಿಮ್ಮತ್ತೆ ಇದ್ದಿದ್ರೆ ಈಗ ಬೈತಿದ್ಲು" ಎಂದರು. "ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಬೈತಿದ್ಲು. ಗೇರು ಹಾಗಲ್ಲ, ಹಾರ್ನು ಹಾಗಲ್ಲ ಅಂತ. ಅವಳಿಗೆ ಡ್ರೈವಿಂಗೇ ಬರ್ತಿರಲಿಲ್ಲ ಕಣಮ್ಮ." ಹೇಳುತ್ತಾ ಹೇಳುತ್ತಾ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು; ಮುಖಕ್ಕೆಲ್ಲ ಮಸಿಯಾಯಿತು. ನಾನು ಟಾರ್ಚು ಆರಿಸಿ ಪಕ್ಕದಲ್ಲಿ ಕೂತೆ. ಆ ದಿನ ಪ್ಲಗ್ಗಿನ ಕೆಲಸ ಅಲ್ಲಿಗೇ ನಿಂತಿತು. ಅತ್ತೆಯ ಮಾತು ಮಾತ್ರ ನನ್ನ ಗಂಡ ಬಸ್ಸಿಳಿದು ಬರುವವರೆಗೂ ನಡೆಯಿತು.

ಪಿಂಗಾಣಿ ಮುರಿದಿದ್ದರೂ ಬುಡ ಗಟ್ಟಿಯಿದ್ದದ್ದರಿಂದ ಮೂರನೆಯದೂ ಬಂತು, ನಾಲ್ಕನೆಯದನ್ನು ನನ್ನ ಕೈಯಲ್ಲೇ ಬಿಚ್ಚಿಸಿದರು. ಹೊಸ ಪ್ಲಗ್ಗು, ಹೊಸ ಬ್ಯಾಟರಿ, ಹೊಸ ಪೆಟ್ರೋಲು ಬಿದ್ದ ಮೇಲೆ ಕಾರು ಕಪ್ಪು ಹೊಗೆ ಉಗುಳಿ ಎದ್ದಿತು. ಬೆಕ್ಕು ಆ ಹೊತ್ತಿಗೆ ಓಡಿದ್ದು ಮತ್ತೆ ಬರಲಿಲ್ಲ.

ಆ ಭಾನುವಾರ ಮಾವ ಮುಂದಿನ ಬಾಗಿಲು ತೆಗೆದು, "ಇಲ್ಲಿ ಕೂತ್ಕೋಮ್ಮ" ಎಂದರು. ನನ್ನ ಗಂಡ ಹಿಂದೆ ಕೂತರು. ಹೋದದ್ದು ಶ್ರೀನಿವಾಸಪುರಕ್ಕೆ, ಅತ್ತೆಯ ತವರಿಗೆ. ಅತ್ತೆ ತೀರಿಕೊಂಡ ಮೇಲೆ ಮಾವ ಆ ಹೊಸಿಲು ತುಳಿದಿರಲಿಲ್ಲ. ಮಾವಿನ ತೋಪುಗಳ ನಡುವಿನ ರಸ್ತೆ ದಾಟಿ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಮಾಡಿದಾಗ, ಅತ್ತೆಯ ತಂಗಿ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಮುಂದಿನ ಸೀಟಿನಲ್ಲಿ ನನ್ನನ್ನು ನೋಡಿ ಗೇಟಿನ ಹತ್ತಿರವೇ ನಿಂತುಬಿಟ್ಟರು.

"ಹಾರ್ನ್ ಕೇಳಿ ಅಕ್ಕ ಬಂದ್ಲು ಅಂದ್ಕೊಂಡೆ ಭಾವ" ಎಂದರು. ಆಮೇಲೆ ಇಬ್ಬರೂ ಗೇಟು ಹಿಡಿದುಕೊಂಡು ಅತ್ತರು. ಎರಡು ವರ್ಷ ತಡವಾಗಿ, ಆದರೆ ಮನಸಾರೆ.

ಮಾವ ಈಗಿಲ್ಲ. ನಾವೂ ಕೋಲಾರಕ್ಕೆ ಬಂದು ಬಹಳ ಕಾಲವಾಯಿತು. ಅಷ್ಟೂ ವರ್ಷ ನಾನು ಈ ಕಥೆಯನ್ನು ನೆಂಟರಿಷ್ಟರಿಗೆಲ್ಲ ಹೇಳಿದ್ದೇನೆ, ಸ್ವಲ್ಪ ಜಂಭದಿಂದಲೇ: ಮೂಲೆ ಹಿಡಿದಿದ್ದ ಮಾವನನ್ನು ಮಾತಿಗೆಳೆದವಳು ನಾನು ಎಂದು.

ಇವತ್ತು ತಡವಾಗುತ್ತದೆಂದು ಹೇಳಲು ಗ್ಯಾರೇಜಿನಿಂದ ಗಂಡನಿಗೆ ಫೋನು ಮಾಡಿದೆ. "ಪ್ಲಗ್ಗು ಕಚ್ಕೊಂಡಿದೆಯಂತೆ ರೀ. ಮಾವ ಆಗಿದ್ರೆ ಹದಿನೈದು ದಿನ ಮಾಡೋರು" ಎಂದು ನಕ್ಕೆ.

ಅವರು ನಗಲಿಲ್ಲ. "ಅಪ್ಪಂಗೆ ಅದು ಎರಡು ದಿನದ ಕೆಲಸ ಕಣೇ" ಎಂದರು. "ನಾನು ಮೆಕ್ಯಾನಿಕ್‌ನ ಕರೆಸ್ತೀನಿ ಅಂದ್ರೆ ಬೇಡ ಅಂದ್ರು. 'ಆ ಮಗು ತುಂಬಿದ ಮನೆಯಿಂದ ಬಂದಿದೆ ಕಣೋ, ಮಧ್ಯಾಹ್ನ ಎಲ್ಲ ಬಾಗಿಲಲ್ಲಿ ಒಬ್ಬಳೇ ಕೂತಿರ್ತಾಳೆ. ನಿಧಾನಕ್ಕೇ ಬಿಚ್ತೀವಿ ಬಿಡು' ಅಂದ್ರು. ನಿನಗೆ ಹೇಳ್ಬೇಡ ಅಂತಾನೂ ಅಂದಿದ್ರು."

ನಾನು ಅವರಿಗೆ ಜೊತೆ ಕೊಡುತ್ತಿದ್ದೇನೆ ಎಂದುಕೊಂಡ ಒಂದೊಂದು ಮಧ್ಯಾಹ್ನವೂ ಅವರು ನನಗಾಗಿ ತೆಗೆದಿಟ್ಟದ್ದಾಗಿತ್ತು.

"ಯಾಕೆ ಸುಮ್ಮನಾದೆ? ಎಷ್ಟು ಹೊತ್ತಾಗುತ್ತಂತೆ?"

"ಗೊತ್ತಿಲ್ಲ. ನೀವೂ ಬನ್ನಿ" ಎಂದೆ. "ಕೂತು ಮಾತಾಡೋಣ."

"ಗ್ಯಾರೇಜಿನಲ್ಲಾ?"

"ಹೂಂ."

ಆ ಕಡೆ ಅವರು ಚಪ್ಪಲಿ ಹುಡುಕುವ ಸದ್ದು ಕೇಳಿಸಿತು.