ನಾಲ್ಕನೇ ದಿನದ ಪೇಪರ್ ಲೋಟ

ಅಡಿಕೆ ವ್ಯಾಪಾರ ಮಾಡುವವನಿಗೆ ಮನುಷ್ಯರನ್ನೂ ಗೊನೆ ನೋಡಿದಂತೆ ನೋಡುವ ಚಾಳಿ ಅಂಟಿಕೊಳ್ಳುತ್ತದೆ. ನಲ್ಲೂರಿನ ಖೇಣಿದಾರ ಜಂಪಣ್ಣನಿಗೂ ಅಂಟಿತ್ತು. ಖೇಣಿದಾರ ಎಂದರೆ ಫಸಲು ಮರದ ಮೇಲಿರುವಾಗಲೇ ಮಾತಾಡಿ ಕೊಳ್ಳುವವನು. ತಲೆಯೆತ್ತಿ ಗೊನೆ ನೋಡಿ, ಒಳಗಿನ ಕಾಯಿ ಎಂಥದ್ದು ಎಂದು ಹೇಳಬೇಕು. ಹಾಗಾಗಿ ಅಕ್ಷಿತಾ ಎಂಬ ಹುಡುಗಿ ಬೆಳಿಗ್ಗೆ ಒಂಬತ್ತಕ್ಕೆ ಅವನ ಅಡಿಕೆ ಸುಲಿಯುವ ಶೆಡ್ಡಿನ ಮುಂದೆ ಬಂದು ನಿಂತಾಗ, ಅವನು ನಮಸ್ಕಾರಕ್ಕೆ ಕೈ ಎತ್ತುವ ಮೊದಲೇ ಅವಳನ್ನು ತೂಗಿಬಿಟ್ಟಿದ್ದ.

ವಯಸ್ಸು ಇಪ್ಪತ್ತಮೂರರ ಆಸುಪಾಸು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಚಪ್ಪಲಿ ಹಳೆಯದು, ಹೊಲಿಗೆ ಹೊಸದು. ಬ್ಯಾಗಿನ ಜಿಪ್ಪು ಕೆಟ್ಟು ಎರಡು ಸೇಫ್ಟಿ ಪಿನ್ನು ಬಂದಿವೆ. ಪೆನ್ನು ಮೂರು, ಮೂರಕ್ಕೂ ಮುಚ್ಚಳ ಇದೆ. ಮಾತಿನಲ್ಲಿ ಬೇಡುವ ದನಿಯಿಲ್ಲ. ಸಣ್ಣ ಕಾಯಿ, ಆದರೆ ಗಟ್ಟಿ ಕಾಯಿ ಎಂದು ಜಂಪಣ್ಣ ಷರಾ ಬರೆದುಕೊಂಡ.

"ಎಂ.ಎ. ಸಮಾಜಶಾಸ್ತ್ರ ಸಾರ್. ಅಡಿಕೆ ಸುಲಿಯೋ ಹೆಣ್ಮಕ್ಕಳ ಮೇಲೆ ಪ್ರಬಂಧ ಬರೀಬೇಕು. ಹತ್ತು ದಿನ ಇಲ್ಲಿ ಕೂತ್ಕೊಳ್ಳಾಕೆ ಬಿಡ್ತೀರಾ?"

"ಅಡಿಕೆ ಸುಲಿಯಾದ್ನೂ ಓದ್ತಾರೇನಮ್ಮ? ಇವರೆಲ್ಲ ಹಂಗಾದ್ರೆ ಹುಟ್ತಾನೇ ಎಂ.ಎ. ಆದ್ರಲ್ಲ! ಯಾವ ಕಡೇರು ನೀವು?"

"ಜಗಳೂರು ಕಡೇರು ಸಾರ್. ನಮ್ಮಪ್ಪ ಚಿಕ್ಕಹನುಮಂತಪ್ಪ ಅಂತ, ಸರ್ಕಾರಿ ಆಫೀಸ್ನಾಗೆ ಕೆಲಸ."

ಇನ್ನೊಂದು ಪ್ರಶ್ನೆ ಬಾಯಿಗೆ ಬಂದಿತ್ತು. ಜಂಪಣ್ಣ ಕೇಳಲಿಲ್ಲ. ಇಷ್ಟು ಚೊಕ್ಕವಾಗಿ ನಿಂತು ಮಾತಾಡುವವಳು ನಮ್ಮ ಪೈಕಿಯೇ ಇರಬೇಕು ಎಂದು ತಾನೇ ಉತ್ತರ ಬರೆದುಕೊಂಡ. ಮೂವತ್ತು ವರ್ಷದ ವ್ಯಾಪಾರದಲ್ಲಿ ಗೊನೆ ನೋಡಿ ಅವನು ಅಷ್ಟು ದೊಡ್ಡದಾಗಿ ತಪ್ಪಿದ್ದಿಲ್ಲ. ಹೆಂಡತಿ ಶಂಕರಮ್ಮ ಒಳಗಿನಿಂದ ಸ್ಟೀಲ್ ಲೋಟದಲ್ಲಿ ಟೀ ತಂದುಕೊಟ್ಟಳು.

ಮೊದಲ ದಿನ ಅಕ್ಷಿತಾ ಅಚ್ಚು ಹಾಕಿಸಿದ ಪ್ರಶ್ನಾವಳಿ ಹಿಡಿದು ಕೂತಳು. ಯಾರನ್ನು ಕೇಳಬೇಕೆಂಬ ಪಟ್ಟಿಯನ್ನು ಜಂಪಣ್ಣನೇ ಮಾಡಿಕೊಟ್ಟ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತಾನೂ ಕೂತ. ಕೆಲಸದ ಜಾಗದಲ್ಲಿ ಭೇದಭಾವ ಇದೆಯೇ ಎಂಬುದು ಹದಿನಾಲ್ಕನೇ ಪ್ರಶ್ನೆ. ಹನ್ನೆರಡು ಹೆಂಗಸರೂ ಒಂದೇ ಗಂಟಲಿನಲ್ಲಿ "ಇಲ್ಲ" ಎಂದರು. ಒಬ್ಬಳಂತೂ ಪ್ರಶ್ನೆ ಓದಿ ಮುಗಿಸುವ ಮೊದಲೇ ಅಂದುಬಿಟ್ಟಳು. ಸಂಜೆ ಹುಡುಗಿ ಆ ಹಾಳೆಗಳನ್ನು ತಿರುವುತ್ತ ಸಪ್ಪಗೆ ಕೂತಿದ್ದಳು.

"ಏನಮ್ಮ, ಮಾಲು ಸರಿ ಇಲ್ವಾ?"

"ಎಲ್ಲಾ ಒಂದೇ ಥರ ಐತೆ ಸಾರ್. ಹಿಂಗೆ ಬಂದ್ರೆ ಸ್ಯಾಂಪಲ್ ತಪ್ಪೈತೆ ಅಂತ ಅರ್ಥ. ಕ್ಲಾಸ್ನಾಗೆ ಹೇಳಿದ್ರು."

ಜಂಪಣ್ಣನಿಗೆ ಹುಮ್ಮಸ್ಸು ಬಂತು. ಪಕ್ಕದ ಚೀಲವೊಂದರ ಬಾಯಿ ಬಿಚ್ಚಿದ. "ನೋಡು, ಮಾರಾಕೆ ಬರೋನು ಒಳ್ಳೆ ಕಾಯಿನೆಲ್ಲ ಇಲ್ಲಿ, ಬಾಯಾಗೆ ಇಟ್ಟಿರ್ತಾನೆ. ಅವನು ತೋರ್ಸಿದ್ದು ನೋಡಿದ್ರೆ ನೀನು ಕೆಟ್ಟೆ. ತಳಕ್ಕೆ ಕೈ ಹಾಕ್ಬೇಕು. ಮೊಣಕೈ ಮಟ ಹೋಗ್ಬೇಕು. ನಿಮ್ಮ ಮೇಷ್ಟ್ರು ಇದ್ನ ಹೇಳಿಲ್ವಾ?"

"ಹೇಳಿದ್ರು ಸಾರ್. ಕೈ ಹಾಕಿ ತೋರ್ಸಿರ್ಲಿಲ್ಲ," ಎಂದು ನಕ್ಕಳು. ಆ ಮಾತನ್ನು ಅಲ್ಲೇ ಪುಸ್ತಕದಲ್ಲಿ ಬರೆದುಕೊಂಡಳು.

ಮರುದಿನ ಪ್ರಶ್ನಾವಳಿ ಬ್ಯಾಗಿಗೆ ಹೋಯಿತು. ಅಕ್ಷಿತಾ ಹೆಂಗಸರ ಸಾಲಿನಲ್ಲಿ ಕೂತು ತಾನೂ ಕತ್ತಿಯ ಮುಂದೆ ಕಾಯಿ ಹಿಡಿದಳು. ಜೊತೆಗಿದ್ದು ನೋಡುವುದೂ ಒಂದು ವಿಧಾನವಂತೆ. ಮೊದಲ ಗಂಟೆಯಲ್ಲೇ ಹೆಬ್ಬೆರಳು ಕುಯ್ದುಕೊಂಡಳು. ಪಕ್ಕದಲ್ಲಿದ್ದ ಅಂತರಘಟ್ಟಮ್ಮ ತನ್ನ ಸೆರಗಿನ ಅಂಚು ಹರಿದು ಕಟ್ಟಿ, "ಪೆನ್ನು ಹಿಡಿಯೋ ಬೆರಳು ಉಳೀತಲ್ಲ, ಬಿಡು," ಎಂದಳು. ಮೂರನೇ ದಿನ ಅದೇ ಅಂತರಘಟ್ಟಮ್ಮ, ಹುಡುಗಿಯ ಮುಖವನ್ನೇ ನೋಡುತ್ತಿದ್ದವಳು, ಇಡೀ ಶೆಡ್ಡಿಗೆ ಕೇಳುವಂತೆ ಕೂಗಿದಳು:

"ಅಯ್ಯೋ, ನೀನು ನಮ್ಮ ಅಂಜಿನಮ್ಮನ ಮಗಳಲ್ವೇನೆ! ನಿಮ್ಮವ್ವನೂ ನಾನೂ ಒಂದೇ ಕೇರ್ಯಾಗೆ ಆಡಿ ಬೆಳ್ದೋರು. ಹೇಳೋದಲ್ವಾ ಮುಂಡೇದೆ!"

ಹುಡುಗಿ ನಕ್ಕು "ಹೂಂ ಚಿಕ್ಕವ್ವ" ಎಂದಳು. ಬಾಗಿಲಲ್ಲಿ ನಿಂತಿದ್ದ ಜಂಪಣ್ಣನಿಗೂ ಕೇಳಿಸಿತು.

ನಾಲ್ಕನೇ ದಿನ ಟೀ ಹೊತ್ತಿಗೆ ಅವನು ಹೆಂಡತಿಗೆ ಹೆಚ್ಚೇನೂ ಹೇಳಲಿಲ್ಲ. "ಆ ಹುಡುಗಿಗೂ ಅದ್ರಾಗೇ ಕೊಡು," ಎಂದ, ಅಷ್ಟೇ. ಆ ಶೆಡ್ಡಿನಲ್ಲಿ ಊರಿನ ಹೆಂಗಸರಿಗೆ ಸ್ಟೀಲ್ ಲೋಟ, ಊರಾಚೆಯ ದಲಿತ ಕಾಲೊನಿಯ ಹೆಂಗಸರಿಗೆ ಪೇಪರ್ ಲೋಟ. ಯಾರೂ ಇದನ್ನು ಜೋರಾಗಿ ಹೇಳುತ್ತಿರಲಿಲ್ಲ. ಕೇಳಿದರೆ ಪೇಪರ್ ಲೋಟವೇ ಶುದ್ಧ, ಪಟ್ಟಣದ ಹೋಟೆಲಿನಲ್ಲೂ ಅದೇ, ಎಂದು ಹೇಳಲು ಜಂಪಣ್ಣನ ಬಳಿ ಉತ್ತರವೊಂದು ಸಿದ್ಧವಾಗಿತ್ತು. ಅಕ್ಷಿತಾ ಕೇಳಲಿಲ್ಲ. ಪೇಪರ್ ಲೋಟ ತೆಗೆದುಕೊಂಡಳು, ಟೀ ಕುಡಿದಳು, ಕಾಯಿ ಸುಲಿದಳು.

ಎರಡು ತಿಂಗಳ ಮೇಲೆ ಮತ್ತೆ ಬಂದಳು. ಕೈಯಲ್ಲಿ ಬರೆದು ಮುಗಿಸಿದ ಅಧ್ಯಾಯ. ಯಾರ ಜಾಗದಲ್ಲಿ ಕೂತು ಬರೆದಿದ್ದೋ ಅವರಿಗೆ ಓದಲು ಕೊಟ್ಟು, ಒಪ್ಪಿಗೆಯ ಸಹಿ ಪಡೆದು ಕಾಲೇಜಿಗೆ ಒಪ್ಪಿಸಬೇಕು. ಸಹಿಯಿಲ್ಲದಿದ್ದರೆ ಅಧ್ಯಾಯ ನಿಲ್ಲುವುದಿಲ್ಲ. ಅಧ್ಯಾಯ ನಿಲ್ಲದಿದ್ದರೆ ಪಿಎಚ್.ಡಿ. ಸಂದರ್ಶನಕ್ಕೆ ಹಿಡಿದುಕೊಂಡು ಹೋಗಲು ಅವಳ ಬಳಿ ಬೇರೇನೂ ಇಲ್ಲ. ಇದನ್ನೆಲ್ಲ ಅವಳೇ ಹೇಳಿದಳು, ಬೇಡುವ ದನಿಯಿಲ್ಲದೆ.

ಜಂಪಣ್ಣ ಕನ್ನಡಕ ಹಾಕಿ ಓದಿದ. ಅವನ ಹೆಸರಿರಲಿಲ್ಲ, "ವ್ಯಾಪಾರಿ" ಎಂದಷ್ಟೇ ಇತ್ತು. ಚೀಲದ ತಳಕ್ಕೆ ಕೈ ಹಾಕಬೇಕೆಂಬ ಮಾತು ಮೊದಲ ಪುಟದಲ್ಲೇ ಇತ್ತು, ಈ ಪಾಠಕ್ಕೆ ಋಣಿ ಎಂಬ ಸಾಲಿನ ಜೊತೆ. ಓದಿ ಮೀಸೆ ತೀಡಿಕೊಂಡ. ಒಂಬತ್ತನೇ ಪುಟದಲ್ಲಿ ಒಂದು ಸಣ್ಣ ಕೋಷ್ಟಕ. ಸಂಶೋಧಕಿಗೆ ಕೊಟ್ಟ ಟೀ: ಒಂದನೇ ದಿನದಿಂದ ಮೂರನೇ ದಿನ, ಸ್ಟೀಲ್ ಲೋಟ. ಮೂರನೇ ದಿನ ಸಂಜೆ ಸಂಶೋಧಕಿಯ ಜಾತಿ ತಿಳಿಯಿತು. ನಾಲ್ಕನೇ ದಿನದಿಂದ ಹತ್ತನೇ ದಿನ, ಪೇಪರ್ ಲೋಟ.

ಬೈಗುಳವಿರಲಿಲ್ಲ, ಅಳುವಿರಲಿಲ್ಲ. ಇದ್ದಿದ್ದರೆ ಜಗಳ ತೆಗೆಯಬಹುದಿತ್ತು.

"ಇದೊಂದು ಹಾಳೆ ತೆಗಿ. ಸಹಿ ಹಾಕ್ತೀನಿ."

"ಅದೊಂದೇ ಸಾರ್ ಅದ್ರಾಗೆ ನಾನು ಕಂಡುಹಿಡಿದಿದ್ದು. ಉಳಿದಿದ್ದೆಲ್ಲ ಪುಸ್ತಕದಾಗೆ ಐತೆ."

"ನನ್ನ ಮನೆ ಟೀ ಕುಡ್ದು ನನ್ನ ಮೇಲೇ ಬರೀತಿಯಲ್ಲಮ್ಮ?"

"ತಳಕ್ಕೆ ಕೈ ಹಾಕು ಅಂದೋರು ನೀವೇ ಅಲ್ವಾ ಸಾರ್?"

ಜಂಪಣ್ಣ ಸಹಿ ಹಾಕಲಿಲ್ಲ. ಸಾಲದೆಂಬಂತೆ ಅವಳ ಗೈಡು ವಿನಯ್ ಕುಮಾರ್ ಎಂಬ ಮೇಷ್ಟ್ರ ನಂಬರ್ ಹುಡುಕಿದ. ಮೇಷ್ಟ್ರ ಸೋದರಮಾವ ಹೊನ್ನಾಳಿಯಲ್ಲಿ ಜಂಪಣ್ಣನ ಹಳೆಯ ಪರಿಚಯದವರು. ಹುಡುಗಿ ಸುಳ್ಳು ಬರೆದಿದ್ದಾಳೆ, ನೀವೇ ಬಂದು ನೋಡಿ, ಎಂದ. ಮೇಷ್ಟ್ರು ಬಂದೇ ಬಂದರು, ಅಕ್ಷಿತಾಳನ್ನೂ ಕರೆದುಕೊಂಡು.

ಆ ದಿನ ಶಂಕರಮ್ಮ ಎಲ್ಲರಿಗೂ ಸ್ಟೀಲ್ ಲೋಟದಲ್ಲೇ ಟೀ ಕೊಟ್ಟಳು. ಅಟ್ಟದಿಂದ ಲೋಟ ಇಳಿಸಿ ಹುಣಸೆಹಣ್ಣು ಹಾಕಿ ಬೆಳಗಿದ್ದಳು.

"ದಿನಾ ಇದ್ರಲ್ಲೇ ಕೊಡ್ತಾರೇನಮ್ಮ?" ಎಂದು ಮೇಷ್ಟ್ರು ಕೇಳಿದರು.

ಅಂತರಘಟ್ಟಮ್ಮ ಹುಡುಗಿಯ ಮುಖ ನೋಡಿದಳು, ಜಂಪಣ್ಣನ ಮುಖ ನೋಡಿದಳು. ಸುಗ್ಗಿ ಮುಗಿಯಲು ಇನ್ನೂ ಒಂದು ತಿಂಗಳ ಕೂಲಿ ಇತ್ತು. "ಹೂಂ ಸ್ವಾಮಿ," ಎಂದಳು.

ಎಲ್ಲ ಸಲೀಸಾಗಿ ಮುಗಿಯಿತು ಎನ್ನುವಾಗ ಒಂದು ಕೆಲಸ ಕೆಟ್ಟಿತು. ಅದನ್ನು ಹೇಳಿಕೊಡಬೇಕೆಂದು ಜಂಪಣ್ಣನಿಗೆ ಹೊಳೆದೇ ಇರಲಿಲ್ಲ. ಊರಿನ ಹೆಂಗಸರು ಕುಡಿದ ಲೋಟಗಳನ್ನು ಕೂತಲ್ಲೇ ಬಿಟ್ಟರು. ಕಾಲೊನಿಯ ಐದು ಹೆಂಗಸರು ಎದ್ದರು. ನಲ್ಲಿಯ ಹತ್ತಿರ ಹೋಗಿ ತಮ್ಮ ತಮ್ಮ ಲೋಟ ತೊಳೆದರು. ಶೆಡ್ಡಿನ ಆಚೆಯ ಕಟ್ಟೆಯ ಮೇಲೆ, ಬಿಸಿಲಿಗೆ, ಬೇರೆಯಾಗಿ ಬೋರಲು ಹಾಕಿದರು. ಯಾರೂ ಹೇಳಿರಲಿಲ್ಲ. ತಾಯಂದಿರ ಕಾಲದಿಂದ ಕೈಗೆ ಬಂದ ರೂಢಿ, ಕೈ ತಾನಾಗಿಯೇ ಮಾಡಿತು.

ಐದು ಲೋಟ ಕಟ್ಟೆಯ ಮೇಲೆ ಫಳಫಳ ಹೊಳೆಯುತ್ತಿದ್ದವು. ಜಂಪಣ್ಣ ನೋಡಿದ. ಮೇಷ್ಟ್ರೂ ನೋಡಿದರು, ನೋಡಿ ಮೊಬೈಲ್ ತೆಗೆದು ಟೈಮ್ ನೋಡಿಕೊಂಡರು. ಅಕ್ಷಿತಾ ಪೆನ್ನಿನ ಮುಚ್ಚಳ ತೆಗೆದು ಏನೋ ಬರೆದಳು.

"ಅದ್ನ ನೋಡಿದ್ರಾ ಸಾರ್?" ಎಂದು ಕೇಳಿದಳು.

"ನೋಡಮ್ಮ, ಒಬ್ಬರ ಅನುಭವ ಡಾಟಾ ಆಗಲ್ಲ," ಎಂದರು ಮೇಷ್ಟ್ರು. "ಹನ್ನೆರಡು ಜನ ಪ್ರಶ್ನಾವಳೀಲಿ ಇಲ್ಲ ಅಂದಿದಾರೆ. ಸಂಶೋಧನೆ ಅಂದ್ರೆ ಸಿಟ್ಟಲ್ಲ."

"ಸಿಟ್ಟು ಎಲ್ಲಿ ಬರ್ದಿದೀನಿ ಸಾರ್? ಯಾವ ಪುಟದಾಗೆ?"

ಮೇಷ್ಟ್ರು ಕಾರಿನ ಕಡೆ ನಡೆದಿದ್ದರು. ಜಂಪಣ್ಣ ಅವರ ಜೊತೆ ಒಂದು ಗೊನೆ ಬಾಳೆಹಣ್ಣು ಕಳಿಸಿದ.

ಪ್ರಬಂಧದಿಂದ ಆ ಅಧ್ಯಾಯ ಹೋಯಿತು. ಉಳಿದ ಪ್ರಬಂಧದಲ್ಲಿ ಪುಸ್ತಕದಿಂದ ಎತ್ತಿಕೊಂಡದ್ದು ಮಾತ್ರ ಉಳಿಯಿತು. ಪಿಎಚ್.ಡಿ. ಸಂದರ್ಶನದಲ್ಲಿ, ಕ್ಷೇತ್ರಕಾರ್ಯ ತೆಳುವಾಗಿದೆ, ನೀವು ಏನನ್ನೂ ಸ್ವತಃ ನೋಡಿದಂತಿಲ್ಲ, ಎಂದರಂತೆ. ಅವಳಿಗೆ ಸೀಟು ಸಿಗಲಿಲ್ಲ. ಈ ಸುದ್ದಿಯನ್ನು ಜಂಪಣ್ಣನಿಗೆ ಮುಟ್ಟಿಸಿದವಳು ಅಂತರಘಟ್ಟಮ್ಮ. ಕಾಯಿ ಸುಲಿಯುತ್ತಲೇ, ತಲೆ ಎತ್ತದೆ ಹೇಳಿದಳು. "ಅವತ್ತು ಹೂಂ ಅಂದ ಬಾಯಿ ಇದು. ಆ ಹುಡುಗಿ ಒಂದು ಮಾತೂ ಅನ್ಲಿಲ್ಲ ನನಗೆ. ಬೈದಿದ್ರೆ ಚೆನ್ನಾಗಿತ್ತು."

ಹೋದ ತಿಂಗಳು ಜಂಪಣ್ಣ ನ್ಯಾಮತಿಗೆ ತೋಟ ನೋಡಲು ಹೋಗಿದ್ದ. ಅಲ್ಲೊಂದು ಮನೆಯ ಜಗಲಿಯಲ್ಲಿ ಅಕ್ಷಿತಾ ಟ್ಯಾಬು ಹಿಡಿದು, ಯಾವ ಸೋಪಿನಲ್ಲಿ ಬಟ್ಟೆ ಒಗೆಯುತ್ತೀರಿ ಎಂದು ಹೆಂಗಸೊಬ್ಬಳನ್ನು ಕೇಳುತ್ತಿದ್ದಳು. ಕಂಪನಿಯ ಸರ್ವೆ ಕೆಲಸ. ಬ್ಯಾಗು ಅದೇ, ಪಿನ್ನು ಮೂರಾಗಿವೆ.

"ಚೆನ್ನಾಗಿದೀಯೇನಮ್ಮ? ಬಾ, ಹೋಟ್ಲಾಗೆ ಒಂದು ಟೀ ಕುಡಿಯೋಣ."

"ಬ್ಯಾಡ ಸಾರ್. ನಿಮ್ಮ ಟೀ ಹತ್ತು ದಿನ ಕುಡ್ದಿದೀನಿ. ರುಚಿ ನೆನಪೈತೆ." ದನಿ ಎತ್ತರಿಸಲಿಲ್ಲ. ತಿರುಗಿ ಆ ಹೆಂಗಸಿಗೆ, "ಪುಡಿನಾ ಅಕ್ಕ, ಬಾರಾ?" ಎಂದಳು.

ಜಂಪಣ್ಣ ಈ ಸುಗ್ಗಿಗೆ ಶೆಡ್ಡಿನಲ್ಲಿ ಎಲ್ಲರಿಗೂ ಪೇಪರ್ ಲೋಟ ಮಾಡಿದ್ದಾನೆ. ತಾನು ಮಾತ್ರ ಸ್ಟೀಲ್ ಲೋಟದಲ್ಲೇ ಕುಡಿಯುತ್ತಾನೆ. ಇದನ್ನು ಸುಧಾರಣೆ ಎಂದು ಯಾರಾದರೂ ಕರೆದರೆ ಅವರು ಚೀಲದ ಬಾಯಿ ಮಾತ್ರ ನೋಡಿದವರು. ಅವಳ ಅಧ್ಯಾಯದ ಪ್ರತಿ ಇನ್ನೂ ಅವನ ಗಲ್ಲಾಪೆಟ್ಟಿಗೆಯ ಅಡಿಯಲ್ಲಿದೆ. ಸಹಿ ಹಾಕುವ ಜಾಗ ಖಾಲಿ ಇದೆ. ಅವನು ಈ ಕತೆಯನ್ನು, ತನ್ನನ್ನೇ 'ಅವನು' ಎಂದು ಕರೆದುಕೊಂಡು, ಬರೆಯಲು ಕೂತದ್ದು ಅದಕ್ಕೇ.

ಜಗಳೂರಿನ ಚಿಕ್ಕಹನುಮಂತಪ್ಪ, ಅಂಜಿನಮ್ಮನವರ ಮಗಳು ಅಕ್ಷಿತಾಳಿಗೆ ನಲ್ಲೂರಿನ ಜಂಪಣ್ಣ ಒಂದು ಸಹಿ ಕೊಡಬೇಕು, ಒಂಬತ್ತನೇ ಪುಟದ ಕೆಳಗೆ, ಅವಳು ಬರೆದದ್ದು ನಿಜ ಎಂದು. ಇನ್ನೂ ಕೊಟ್ಟಿಲ್ಲ.