ಬೋಳುಗತ್ತಿನ ಹುಂಜದ ಲಂಗೋಟಿ

ಕುರಿ ಸಾಕಲು ಬರುವವನಿಗೆ ಜಗತ್ತಿನಲ್ಲಿ ಏನನ್ನು ಬೇಕಾದರೂ ಸಾಕಲು ಬರುತ್ತದೆ ಎಂಬುದು ಪರಶುರಾಂಪುರದ ಕುರಿಗಾಹಿ ಚಿಕ್ಕೀರಪ್ಪನ ಗಟ್ಟಿ ನಂಬಿಕೆ. ಮೊಟ್ಟೆ ಹೆಚ್ಚಲಿ, ಮಾಂಸ ತೂಗಲಿ ಎಂದು ಅವನು ಚಳ್ಳಕೆರೆಯಿಂದ ಗಿರಿರಾಜ ಎಂಬ ಸುಧಾರಿತ ತಳಿಯ ಒಂದು ದಡೂತಿ ಹುಂಜವನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದ. ಇನ್ನು ಹಿತ್ತಲಲ್ಲಿ ಅದರ ತಳಿಯೇ ಬೆಳೆಯಬೇಕಿತ್ತು. ಆದರೆ ಅಲ್ಲಿ ಆಗಲೇ ಬೋಳುಗತ್ತಿನ ನರಪೇತಲ ಹುಂಜವೊಂದಿತ್ತು. ಅದು ಮಾರಮ್ಮನ ಹರಕೆಯದು. ಹಬ್ಬಕ್ಕೆ ಮುಂಚೆ ಕೊಯ್ಯುವಂತಿಲ್ಲ, ಮಾರುವಂತೆಯೂ ಇಲ್ಲ.

ಅಕಾಲದಲ್ಲಿ ಮರಿಯಾಗದಿರಲೆಂದು ಟಗರಿನ ಹೊಟ್ಟೆಗೆ ಬಟ್ಟೆ ಕಟ್ಟಿ ರೂಢಿಯಿದ್ದ ಚಿಕ್ಕೀರಪ್ಪ, ಹಳೇ ಟವೆಲ್ಲು ಹರಿದು ಆ ಬೋಳುಗತ್ತಿನ ಹುಂಜಕ್ಕೂ ಲಂಗೋಟಿ ಬಿಗಿದ.

“ಕೋಳಿಗೆ ಯಾರಾದ್ರೂ ಲಂಗೋಟಿ ಕಟ್ತಾರೇನ್ರಿ?” ಎಂದಳು ಹೆಂಡತಿ ಪಾತಮ್ಮ.

“ಸುಮ್ನಿರು, ನಂಗೆ ನಲವತ್ತು ವರ್ಷದ ಅನುಭವ ಐತೆ.”

ಲಂಗೋಟಿ ಕಂಡು ಬೆದರಿದ ಗಿರಿರಾಜ ಒರಳುಕಲ್ಲಿನ ಹಿಂದೆ ಅಡಗಿತು. ಹೇಂಟೆಗಳೆಲ್ಲ ಲಂಗೋಟಿಯ ಹಿಂದೆ ಮೆರವಣಿಗೆ ಹೊರಟವು. ಮೂರನೇ ದಿನ ಲಂಗೋಟಿಯೇ ಕಾಣೆಯಾಯಿತು. ಎಲ್ಲೋ ಬಿದ್ದಿರಬೇಕೆಂದು ಚಿಕ್ಕೀರಪ್ಪ ತಲೆ ಕೆಡಿಸಿಕೊಳ್ಳಲಿಲ್ಲ.

ತಿಂಗಳೊಪ್ಪತ್ತಿಗೆ ಮೊಟ್ಟೆಯೊಡೆದು ಹನ್ನೊಂದು ಮರಿ ಹೊರಬಂದವು. ಹನ್ನೊಂದಕ್ಕೂ ಬೋಳುಗತ್ತು!

ಪಾತಮ್ಮ ಕಾವಿನ ಬುಟ್ಟಿಯಿಂದ ಮರಿಗಳನ್ನು ಎತ್ತಿದರೆ, ಅಡಿಯಲ್ಲಿ ಮೆತ್ತಗೆ ಹಾಸಿದಂತೆ ಅದೇ ಟವೆಲ್ಲಿನ ತುಂಡು. ಅವಳು ಅದನ್ನು ಒದರಿ ಗಂಡನ ಹೆಗಲಿಗೆ ಹಾಕಿದಳು.

“ತಗಳ್ರಿ, ನಿಮ್ಮ ಅನುಭವ.”